ಪಾಸ್‌ಬುಕ್ಕಿನಲ್ಲಿ ಇರುವುದು ಪೂರ್ತಿ, ಕಾಲೇಜಿಗೆ ಸಿಗುವುದು ಅರ್ಧ

ಹೋದ ವಾರ ಸಂಜೆ ಹಿಂದಿನ ಮನೆಯ ಹುಡುಗಿ ಮಗುವನ್ನು ಎತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಹೆಣ್ಣು ಮಗು, ಈಗ ನಾಲ್ಕು ತಿಂಗಳು. ತೊಟ್ಟಿಲಿಗೆ ಹಾಕಿದ ದಿನ ನೆಂಟರು ಮಗುವಿನ ಕೈಗೆ ಇಟ್ಟ ದುಡ್ಡನ್ನು ಆಕೆ ಇನ್ನೂ ಮುಟ್ಟಿಲ್ಲ, ಒಂದು ಕರ್ಚೀಫಿನಲ್ಲಿ ಗಂಟು ಹಾಕಿ ಇಟ್ಟಿದ್ದಾಳೆ. "ಅಕ್ಕಾ, ನೀವು ನಿಮ್ಮ ಮಗಳ ಹೆಸರಿಲೆ ಪೋಸ್ಟಿನ್ಯಾಗ ಕಟ್ತೀರಲ್ಲ, ಅದನ್ನ ನನಗೂ ಸ್ವಲ್ಪ ತಿಳಿಸಿ ಹೇಳ್ರಿ. ಇಕಿ ದೊಡ್ಡಾಕಿ ಆದ್ಮ್ಯಾಲ ಓದಾಕ ಬೇಕಲ್ರಿ" ಅಂದಳು.

ಆಕೆ ಕೇಳಿದ್ದು ಸುಕನ್ಯಾ ಸಮೃದ್ಧಿ ಬಗ್ಗೆ, ಹೆಣ್ಣು ಮಕ್ಕಳ ಹೆಸರಲ್ಲಿ ತೆರೆಯುವ ಸರ್ಕಾರದ ಉಳಿತಾಯ ಖಾತೆ ಅದು. ಗೊತ್ತಿದ್ದದ್ದನ್ನು ಹೇಳಿ ಕಳಿಸಿದೆ. ರಾತ್ರಿ ಮಲಗಿದ ಮೇಲೆ ಅನಿಸಿತು, ಹೇಳಲೇಬೇಕಾಗಿದ್ದ ಮಾತನ್ನೇ ಸರಿಯಾಗಿ ಹೇಳಲಿಲ್ಲ ಅಂತ. ಹತ್ತು ವರ್ಷ ಕಟ್ಟಿದ ಮೇಲೆ ನನಗೆ ಗೊತ್ತಾದ ಮಾತು ಅದು. ಮೊದಲ ದಿನವೇ ಯಾರಾದರೂ ಹೇಳಿದ್ದರೆ ನಾನು ಬೇರೆ ಥರ ಕಟ್ಟುತ್ತಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಆಕೆಗೂ ಆಯಿತು, ನಿಮ್ಮಲ್ಲಿ ಸಣ್ಣ ಮಕ್ಕಳಿರುವವರಿಗೂ ಆಯಿತು.

ನಮ್ಮದು ಗಂಗಾವತಿ. ಮೂರು ಎಕರೆ ಗದ್ದೆ ಇದೆ, ಎಡದಂಡೆ ಕಾಲುವೆಯ ನೀರು. ನಮ್ಮ ಮನೆಯವರು ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಮಗ ಅವಳಿಗಿಂತ ಐದು ವರ್ಷ ಸಣ್ಣವನು. ಮಿಲ್ಲಿನ ಸಂಬಳ ಮನೆ ಖರ್ಚಿಗೆ ಸರಿಹೋಗುತ್ತದೆ. ಉಳಿತಾಯ ಅಂತ ಏನಾದರೂ ಆಗುವುದಿದ್ದರೆ ಅದು ಭತ್ತ ಮಾರಿದ ದುಡ್ಡಿನಲ್ಲಿ ಮಾತ್ರ. ಮುಂಗಾರಿನ ಬೆಳೆ ನವೆಂಬರ್ ಡಿಸೆಂಬರಿಗೆ ಕೈಗೆ ಬರುತ್ತದೆ, ಬೇಸಿಗೆಗೆ ನೀರು ಬಿಟ್ಟರೆ ಏಪ್ರಿಲ್ ಮೇ ಹೊತ್ತಿಗೆ ಇನ್ನೊಂದು. ನೌಕರಿಯವರ ಹಾಗೆ ತಿಂಗಳು ತಿಂಗಳು ಇಷ್ಟು ಅಂತ ತೆಗೆದಿಡಲು ನಮ್ಮಂಥವರಿಗೆ ಆಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಮಗಳು ಸಣ್ಣವಳಿದ್ದಾಗ ನಾವು ಪಿಗ್ಮಿ ಕಟ್ಟುತ್ತಿದ್ದೆವು. ದಿನಕ್ಕೆ 50 ರೂಪಾಯಿ. ಪಿಗ್ಮಿಯವನು ಸಂಜೆ ಸೈಕಲ್ ಮೇಲೆ ಬರುತ್ತಿದ್ದ, ಚೀಟಿ ಹರಿದು ಕೊಡುತ್ತಿದ್ದ. ಒಂದು ದಿನ ಆ ಸೊಸೈಟಿಯ ಬಾಗಿಲಿಗೆ ಬೀಗ ಬಿತ್ತು. ಎರಡು ವರ್ಷ ಅಲೆದ ಮೇಲೆ ಅರ್ಧಕ್ಕಿಂತ ಕಡಿಮೆ ವಾಪಸ್ ಬಂತು. ಆ ದುಡ್ಡು ಅವಳ ಶಾಲೆಗೆ ಅಂತಲೇ ಇಟ್ಟದ್ದು. ಆಗ ನಮ್ಮ ಮನೆಯವರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಇತ್ತು, ಬಡ್ಡಿ ನಾಲ್ಕು ಕಾಸು ಕಡಿಮೆ ಆದರೂ ಪರವಾಗಿಲ್ಲ, ದುಡ್ಡು ಸರ್ಕಾರದ ಹತ್ತಿರ ಇರಬೇಕು.

2015ರ ಜನವರಿ 22ಕ್ಕೆ ಹರಿಯಾಣದ ಪಾಣಿಪತ್‌ನಲ್ಲಿ ಪ್ರಧಾನಿ ಬೇಟಿ ಬಚಾವೋ ಬೇಟಿ ಪಢಾವೋ ಶುರು ಮಾಡಿದರಲ್ಲ, ಅದರ ಜೊತೆಯಲ್ಲೇ ಸುಕನ್ಯಾ ಸಮೃದ್ಧಿ ಯೋಜನೆ ಬಂತು. ಅದೇ ವರ್ಷ ಜೂನ್‌ನಲ್ಲಿ ನಾನು ಖಾತೆ ತೆರೆದೆ. ಮಗಳಿಗೆ ಆಗ ಆರು ವರ್ಷ. ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು, ಅದು ನಿಯಮ. ಆಗ ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಕಟ್ಟಬೇಕಿತ್ತು. 2018ರಲ್ಲಿ ಅದನ್ನು 250ಕ್ಕೆ ಇಳಿಸಿದರು. ಮೇಲಿನ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ, ಅದು ನಮ್ಮಂಥವರ ಲೆಕ್ಕಕ್ಕೆ ಬರುವುದಿಲ್ಲ ಬಿಡಿ. ಒಂದು ಮನೆಯಲ್ಲಿ ಇಬ್ಬರು ಹೆಣ್ಣು ಮಕ್ಕಳಿಗೆ ತೆರೆಯಬಹುದು, ಅವಳಿ ಜವಳಿ ಆದರೆ ಅದಕ್ಕೆ ಬೇರೆ ವಿನಾಯಿತಿ ಇದೆ.

ಖಾತೆ ತೆರೆದ ದಿನದಿಂದ 15 ವರ್ಷ ನಾವು ಕಟ್ಟಬೇಕು. ಆಮೇಲೆ ಕಟ್ಟುವುದು ಬೇಡ, ಬಡ್ಡಿ ಮಾತ್ರ ಬೆಳೆಯುತ್ತಾ ಹೋಗುತ್ತದೆ. ತೆರೆದ ದಿನದಿಂದ 21 ವರ್ಷಕ್ಕೆ ಪೂರ್ತಿ ದುಡ್ಡು. ಇಲ್ಲಿ ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ, ನಾನೂ ಹಾಗೇ ತಿಳಿದಿದ್ದೆ. 21 ವರ್ಷ ಅಂದರೆ ಮಗಳಿಗೆ 21 ಅಂತ. ಅಲ್ಲ. ಖಾತೆಗೆ 21. ನಾನು ಮಗಳ ಆರನೇ ವರ್ಷಕ್ಕೆ ತೆರೆದದ್ದು, ಪೂರ್ತಿ ದುಡ್ಡು ಬರುವುದು 2036ರಲ್ಲಿ, ಅವಳಿಗೆ ಆಗ 27. ಅಷ್ಟೊತ್ತಿಗೆ ಕಾಲೇಜು ಮುಗಿದು ಎಷ್ಟು ವರ್ಷ ಆಗಿರುತ್ತದೆ ಹೇಳಿ.

ಬಡ್ಡಿ ಬಗ್ಗೆ ಒಂದು ಮಾತು. ನಾನು ಖಾತೆ ತೆರೆದಾಗ ಶೇ. 9.2 ಇತ್ತು. ಇಳಿಯುತ್ತಾ ಇಳಿಯುತ್ತಾ 2020ರ ಏಪ್ರಿಲ್‌ಗೆ 7.6 ಆಯಿತು, 2023ರ ಏಪ್ರಿಲ್‌ನಿಂದ 8, 2024ರ ಜನವರಿಯಿಂದ 8.2. ಮೂರು ತಿಂಗಳಿಗೊಮ್ಮೆ ಸರ್ಕಾರ ನೋಡಿ ನಿಗದಿ ಮಾಡುತ್ತದೆ. ಬಂದ ಬಡ್ಡಿಗೆ ಟ್ಯಾಕ್ಸ್ ಇಲ್ಲ.

ಈಗ ನನ್ನ ತಪ್ಪುಗಳಿಗೆ ಬರುತ್ತೇನೆ. ಮೊದಲ ವರ್ಷಗಳಲ್ಲಿ ನಾನು ಕಟ್ಟುತ್ತಿದ್ದದ್ದು ಮಾರ್ಚ್ ಕೊನೆಯ ವಾರದಲ್ಲಿ. ಡಿಸೆಂಬರಿನಲ್ಲಿ ಭತ್ತ ಮಾರಿದ ದುಡ್ಡು ಬಂದಿರುತ್ತಿತ್ತು, ಗೊಬ್ಬರದ ಅಂಗಡಿಯ ಬಾಕಿ ಕೊಟ್ಟು, ಕೂಲಿ ಕೊಟ್ಟು, ಉಳಿದದ್ದರಲ್ಲಿ ಹತ್ತು ಸಾವಿರ ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಇಟ್ಟಿರುತ್ತಿದ್ದೆ. ಮಾರ್ಚ್ 31 ಹತ್ತಿರ ಬಂತು ಅಂದಾಗ ಓಡಿಹೋಗಿ ಕಟ್ಟುತ್ತಿದ್ದೆ. ಪೋಸ್ಟ್ ಆಫೀಸಿನಲ್ಲಿ ಆ ವಾರ ಕಾಲಿಡಲು ಜಾಗ ಇರುವುದಿಲ್ಲ. ಒಂದು ವರ್ಷ ಹೀಗೇ ಸಾಲಿನಲ್ಲಿ ನಿಂತಿದ್ದಾಗ ಕೌಂಟರಿನಲ್ಲಿದ್ದ ವಯಸ್ಸಾದ ಸರ್ ನನ್ನ ಪಾಸ್‌ಬುಕ್ಕು ತಿರುವಿ ಹಾಕಿ ನೋಡಿ ಕೇಳಿದರು, "ಪ್ರತಿ ವರ್ಷ ಮಾರ್ಚಿನ್ಯಾಗ ಯಾಕ್ ಕಟ್ತೀರಿ ತಾಯಿ? ವರ್ಷದ ಶುರುವಿಗೇ, ಏಪ್ರಿಲ್ ಐದರೊಳಗ ಕಟ್ಟಿದ್ರ ಆ ವರ್ಷದ್ದು ಪೂರ್ತಿ ಬಡ್ಡಿ ಬರ್ತದಲ್ಲ."

ಅವರು ದುಡ್ಡು ಕಟ್ಟುವ ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಪ್ರತಿ ತಿಂಗಳು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಇತ್ತೋ ಅದಕ್ಕೆ ಆ ತಿಂಗಳ ಬಡ್ಡಿ. 6ನೇ ತಾರೀಖು ಕಟ್ಟಿದರೆ ಆ ತಿಂಗಳದ್ದು ಹೋಯಿತು. ಮಾರ್ಚ್ 28ಕ್ಕೆ ಕಟ್ಟಿದ ದುಡ್ಡಿಗೆ ಆ ವರ್ಷದ ಬಡ್ಡಿ ಒಂದು ಪೈಸೆ ಇಲ್ಲ. ಈಗಿನ 8.2ರ ಲೆಕ್ಕದಲ್ಲಿ 12,000 ರೂಪಾಯಿಗೆ ಒಂದು ವರ್ಷದ ಬಡ್ಡಿ 984. ನನ್ನ ದುಡ್ಡು ನನ್ನ ಬೀರುವಿನಲ್ಲೇ ಮೂರು ತಿಂಗಳು ಸುಮ್ನೆ ಮಲಗಿತ್ತು, ಆಮೇಲೆ ಹೋಗಿ ತಪ್ಪು ದಿನ ಖಾತೆಗೆ ಸೇರುತ್ತಿತ್ತು. ಡಿಸೆಂಬರಿನಲ್ಲೇ ಕಟ್ಟಿದ್ದರೂ ಮೂರು ತಿಂಗಳ ಬಡ್ಡಿ ಸಿಗುತ್ತಿತ್ತು.

ಆ ಚೀಟಿಯನ್ನು ಇವತ್ತಿಗೂ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಮಧ್ಯದಲ್ಲಿ ಅಂಟಿನ ಕಲೆ ಇದೆ, ಅಂಕಿಗಳು ಮಾಸಿವೆ, "5" ಅನ್ನುವುದಕ್ಕೆ ಮಾತ್ರ ಅವರು ಎರಡು ಸಲ ಗೋಲ ಹಾಕಿದ್ದು ಕಾಣುತ್ತದೆ.

ಎರಡನೇ ತಪ್ಪು, ಎರಡು ವರ್ಷ ಕಟ್ಟಲೇ ಇಲ್ಲ. 2018-19 ಮತ್ತು 2019-20. ಅತ್ತೆಗೆ ಆರಾಮ ಇರಲಿಲ್ಲ, ಬಳ್ಳಾರಿಗೆ ಹುಬ್ಬಳ್ಳಿಗೆ ಓಡಾಟ, ಬಂದ ದುಡ್ಡೆಲ್ಲ ಆಸ್ಪತ್ರೆಗೆ ಹೋಯಿತು. ಅದರ ಬಗ್ಗೆ ನನಗೆ ಬೇಸರ ಇಲ್ಲ, ಅತ್ತೆ ಈಗಲೂ ನಮ್ಮ ಜೊತೆ ಇದ್ದಾರೆ. ಬೇಸರ ಏನೆಂದರೆ, ಖಾತೆ ನಿಂತುಹೋಯಿತು, ಇನ್ನು ಅದು ಸತ್ತ ಹಾಗೆ ಅಂತ ತಿಳಿದು ಹೆದರಿ ಪೋಸ್ಟ್ ಆಫೀಸಿನ ಕಡೆಗೇ ಹೋಗಲಿಲ್ಲ. ಹೋಗಿ ಕೇಳಿದ್ದರೆ ತಿಳಿಯುತ್ತಿತ್ತು. ತಪ್ಪಿದ ಒಂದೊಂದು ವರ್ಷಕ್ಕೆ 250 ರೂಪಾಯಿ ಮತ್ತು 50 ರೂಪಾಯಿ ದಂಡ, ಅಷ್ಟೇ. ನನ್ನ ಎರಡು ವರ್ಷಕ್ಕೆ ಒಟ್ಟು 600. ಆ ವರ್ಷಗಳಲ್ಲಿ 250 ನಮ್ಮ ಹತ್ತಿರ ಇರಲಿಲ್ಲವೇ? ಇತ್ತು. ಕೇಳುವ ಧೈರ್ಯ ಇರಲಿಲ್ಲ. ಖಾತೆ ನಿಂತಿದೆ ಅಂತ ಕೂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಾಳೆಯೇ ಹೋಗಿ. 15 ವರ್ಷ ಆಗುವುದರೊಳಗೆ ಯಾವಾಗ ಬೇಕಾದರೂ ಮತ್ತೆ ಶುರು ಮಾಡಬಹುದು.

2021ರಿಂದ ಏಪ್ರಿಲ್ 1ರಿಂದ 5ರೊಳಗೆ ಕಟ್ಟುತ್ತಾ ಬಂದೆ. 12 ಸಾವಿರ, ಆಮೇಲೆ 15 ಸಾವಿರ. ಗೃಹಲಕ್ಷ್ಮಿ ದುಡ್ಡು ಬರಲು ಶುರುವಾದ ಮೇಲೆ ಅದರಲ್ಲಿ ಆದಷ್ಟನ್ನು ಇದಕ್ಕೇ ಹಾಕುತ್ತೇನೆ. ನಮ್ಮ ಓಣಿಯಲ್ಲಿ ಹೀಗೆ ಮಾಡುವವರು ನಾನೊಬ್ಬಳೇ ಅಲ್ಲ, ಇನ್ನೂ ಮೂರು ಜನ ಇದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಗಂಗಾವತಿ ನಿದ್ದೆ ಮಾಡಲಿಲ್ಲ. ನಾಟಿ ಹಚ್ಚಿ ಆಗಿತ್ತು, ನೀರೆಲ್ಲ ನದಿಗೆ ಹರಿದು ಹೋಗುತ್ತಿತ್ತು. ಆವತ್ತು ನನಗೆ ಮೊದಲು ಬಂದ ಯೋಚನೆ ಗೊಬ್ಬರದ ಬಾಕಿ, ಎರಡನೆಯದು ಮಗಳ ಕಾಲೇಜು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಬೆಳೆ ಉಳಿಯಿತು. ಆ ವಾರದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಒಂದೇ, ಬೆಳೆ ಹೋದರೂ 250 ಕಟ್ಟಿದರೆ ಖಾತೆ ಉಸಿರಾಡುತ್ತಿರುತ್ತದೆ ಅನ್ನುವುದು.

ಇನ್ನು ಆ ಮುಖ್ಯವಾದ ಮಾತು.

2025ರಲ್ಲಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು, ಒಳ್ಳೆಯ ಮಾರ್ಕ್ಸ್ ಬಂತು. ಬೇರೆ ಊರಿನ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿನಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ 1,10,000 ಹೇಳಿದರು. ನಮ್ಮ ಮನೆಯವರು ಪಾಸ್‌ಬುಕ್ಕು ತೆಗೆದು ನೋಡಿದರು. ಮಾರ್ಚ್ 31ಕ್ಕೆ ಹತ್ತಿರ ಹತ್ತಿರ 1,40,000 ಇತ್ತು. ನಾವು ಕಟ್ಟಿದ್ದು ಒಟ್ಟು 98,500. "ನೋಡು, ಫೀಸಿಗೆ ಸಾಕು, ಇನ್ನೂ ಮೂವತ್ತು ಸಾವಿರ ಉಳೀತದ" ಅಂತ ಅವರು ಬಹಳ ಖುಷಿಯಿಂದ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಹಿಂದೆ ಪಿಗ್ಮಿ ಮುಳುಗಿದಾಗ ಅವರ ಮುಖ ನೋಡಿದ್ದವಳು ನಾನು, ಈ ಮುಖವನ್ನೂ ನೋಡಿದೆ.

ಮಾರನೇ ದಿನ ಇಬ್ಬರೂ ಪೋಸ್ಟ್ ಆಫೀಸಿಗೆ ಹೋದೆವು. ಈಗ ಕೌಂಟರಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಹುಡುಗಿ ಇದ್ದಾಳೆ. ಅವಳು ಸಮಾಧಾನದಿಂದ ತಿಳಿಸಿ ಹೇಳಿದಳು. ಮಗಳಿಗೆ 18 ತುಂಬಿದರೆ ಅಥವಾ ಹತ್ತನೇ ಕ್ಲಾಸ್ ಪಾಸಾದರೆ, ಯಾವುದು ಮೊದಲೋ ಆಗ, ಮುಂದಿನ ಓದಿಗೆ ಅಂತ ತೆಗೆಯಬಹುದು. ಆದರೆ ಹಿಂದಿನ ಹಣಕಾಸು ವರ್ಷದ ಕೊನೆಗೆ ಖಾತೆಯಲ್ಲಿ ಎಷ್ಟಿತ್ತೋ ಅದರ ಅರ್ಧ ಮಾತ್ರ. ಕಾಲೇಜಿನವರು ಸೀಟು ಕೊಟ್ಟ ಕಾಗದ ಅಥವಾ ಫೀಸಿನ ಚೀಟಿ ತೋರಿಸಬೇಕು, ಅದರಲ್ಲಿ ಬರೆದಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ. ಒಂದೇ ಸಲ ತೆಗೆಯಬಹುದು, ಇಲ್ಲ ಅಂದರೆ ವರ್ಷಕ್ಕೊಂದು ಕಂತಿನ ಹಾಗೆ ಐದು ವರ್ಷದವರೆಗೆ ತೆಗೆಯಬಹುದು. ಉಳಿದ ಅರ್ಧ ಖಾತೆಯಲ್ಲೇ ಇರುತ್ತದೆ, 21 ವರ್ಷ ಆಗುವವರೆಗೆ, ಅಥವಾ 18 ತುಂಬಿದ ಮೇಲೆ ಮದುವೆ ನಿಶ್ಚಯ ಆದರೆ ಅಲ್ಲಿಯವರೆಗೆ.

"ಅರ್ಧ ಅಂದ್ರ 70 ಸಾವಿರ ಏನವಾ?" ಅಂದರು ನಮ್ಮ ಮನೆಯವರು.

"ಹೌದ್ರಿ ಕಾಕಾ, ಅಷ್ಟ."

ಹೊರಗೆ ಬಂದು ಬೇವಿನ ಮರದ ಕೆಳಗೆ ಗಾಡಿ ಹತ್ತಿರ ನಿಂತೆವು. ಇನ್ನೂ 40 ಸಾವಿರ ಬೇಕು. ಅವರು ನನ್ನ ಕೊರಳಿನ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಬೋರಮಾಳ ಸರ ಅಡ ಇಡುವ ಮಾತು ಅವರ ಬಾಯಿಂದ ಬರಲಿಲ್ಲ, ನನ್ನಿಂದಲೂ ಬರಲಿಲ್ಲ. ಮನೆಗೆ ಬಂದ ಮೇಲೆ ಮಗಳೇ ಕೇಳಿದಳು, ಎಲ್ಲಾ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲೇ ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ಇದೆ, ಅಲ್ಲೇ ಸೇರುತ್ತೇನೆ, ಆ ದುಡ್ಡು ಡಿಗ್ರಿಗೆ ಇರಲಿ ಅಂದಳು. ಅವಳ ಗೆಳತಿಯರಿಬ್ಬರು ಆ ರೆಸಿಡೆನ್ಷಿಯಲ್ ಕಾಲೇಜಿಗೆ ಹೋದರು. ಅವಳಿಗೂ ಆಸೆ ಇತ್ತು, ನನಗೆ ಗೊತ್ತು. ಇಲ್ಲಿನ ಲೆಕ್ಚರರ್‌ಗಳು ಚೆನ್ನಾಗಿ ಪಾಠ ಮಾಡುತ್ತಾರೆ, ಅವಳು ಚೆನ್ನಾಗಿ ಓದುತ್ತಿದ್ದಾಳೆ, ಅದು ಬೇರೆ ಮಾತು. ಆದರೆ ಆ ದಿನ ಅವಳಿಗೆ ಆಯ್ಕೆ ಇರಲಿಲ್ಲ. ಯೋಜನೆಯಲ್ಲಿ ತಪ್ಪಿಲ್ಲ. ನಾನು ಹತ್ತು ವರ್ಷ ಪೂರ್ತಿ ಮೊತ್ತ ನೋಡಿ ಲೆಕ್ಕ ಹಾಕುತ್ತಾ ಬಂದೆ, ಅರ್ಧ ನೋಡಿ ಹಾಕಬೇಕಿತ್ತು.

ಅದಕ್ಕೇ ಹೇಳುವುದು, ಸುಕನ್ಯಾ ಕಟ್ಟುವವರು ಕಾಲೇಜಿನ ಲೆಕ್ಕಕ್ಕೆ ಯಾವಾಗಲೂ ಅರ್ಧವನ್ನೇ ಇಟ್ಟುಕೊಳ್ಳಿ. 18ನೇ ವರ್ಷಕ್ಕೆ ಎರಡು ಲಕ್ಷ ಬೇಕು ಅಂದರೆ ಖಾತೆಯಲ್ಲಿ ನಾಲ್ಕು ಲಕ್ಷ ಇರಬೇಕು. ಇದಕ್ಕೆ ದಾರಿ ಒಂದೇ, ಬೇಗ ಶುರು ಮಾಡುವುದು. ನಾಲ್ಕು ತಿಂಗಳ ಆ ಕೂಸಿನ ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ 12,000, ಪ್ರತಿ ಏಪ್ರಿಲ್ ಮೊದಲ ವಾರದಲ್ಲಿ, ಬಡ್ಡಿ 8.2 ಹೀಗೇ ಇದ್ದರೆ, 15 ವರ್ಷಕ್ಕೆ ಕಟ್ಟಿದ್ದು 1,80,000 ಆಗುತ್ತದೆ. 16ನೇ ವರ್ಷದ ಕೊನೆಗೆ ಖಾತೆಯಲ್ಲಿ ಸುಮಾರು 3,87,000. ಅರ್ಧ ತೆಗೆದರೂ 1,93,000 ಸಿಗುತ್ತದೆ. 18ಕ್ಕಾದರೆ ಅರ್ಧವೇ ಎರಡೂಕಾಲು ಲಕ್ಷದ ಮೇಲೆ. ಏನೂ ತೆಗೆಯದೆ ಬಿಟ್ಟರೆ 21ಕ್ಕೆ 5,70,000 ದಾಟುತ್ತದೆ. ನನ್ನ ಮಗಳಿಗಿಂತ ಆರು ವರ್ಷ ಮೊದಲು ಶುರು ಮಾಡಿದ್ದಕ್ಕೆ ಬರುವ ವ್ಯತ್ಯಾಸ ಇದು. ಬಡ್ಡಿ ಏರಬಹುದು ಇಳಿಯಬಹುದು, ಅಂದಾಜಿಗೆ ಇಷ್ಟು ಸಾಕು.

ಇನ್ನೊಂದು, ಸುಕನ್ಯಾ ಒಂದನ್ನೇ ನಂಬಬೇಡಿ. ಪಕ್ಕದಲ್ಲಿ ಒಂದು ಸಣ್ಣ ಆರ್‌ಡಿ ಇರಲಿ. ಪೋಸ್ಟಿನ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು, 2023ರ ಅಕ್ಟೋಬರ್‌ನಿಂದ ಬಡ್ಡಿ 6.7. ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ 71,000 ಚಿಲ್ಲರೆ ಬರುತ್ತದೆ, ಪೂರ್ತಿ ನಮ್ಮ ಕೈಗೆ, ಯಾವ ಚೀಟಿಯೂ ತೋರಿಸಬೇಕಿಲ್ಲ. ಮಗುವನ್ನು ಆರನೇ ಕ್ಲಾಸಿಗೆ ಹಾಕಿದ ತಿಂಗಳು ಶುರು ಮಾಡಿದರೆ ಸರಿಯಾಗಿ ಹತ್ತನೇ ಕ್ಲಾಸ್ ಮುಗಿದು ಕಾಲೇಜು ಸೇರುವ ಹೊತ್ತಿಗೆ ಕೈಗೆ ಬರುತ್ತದೆ. ನಮಗೆ ಆ ವರ್ಷ ಕಡಿಮೆ ಬಿದ್ದದ್ದು 40 ಸಾವಿರ. ತಿಂಗಳಿಗೆ 600 ರೂಪಾಯಿಯ ಒಂದು ಆರ್‌ಡಿ ಇದ್ದಿದ್ದರೆ ಅದು ತುಂಬುತ್ತಿತ್ತು. ಮನೆ ಮನೆಗೆ ಬಂದು ಆರ್‌ಡಿ ಕಟ್ಟಿಸಿಕೊಳ್ಳುವ ಮಹಿಳಾ ಏಜೆಂಟರು ನಮ್ಮ ಕಡೆ ಇದ್ದಾರೆ, ಓಡಾಡಲು ಆಗದವರಿಗೆ ಅದು ಅನುಕೂಲ. ದುಡ್ಡು ಕೊಟ್ಟಾಗೆಲ್ಲ ಅವರ ಕಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳಿ, ಆಗಾಗ ಪಾಸ್‌ಬುಕ್ಕನ್ನೂ ನೋಡಿ.

ಮಗನಿಗೆ ಸುಕನ್ಯಾ ಇಲ್ಲವಲ್ಲ, ಅವನ ಹೆಸರಲ್ಲಿ ಪಿಪಿಎಫ್ ತೆರೆದಿದ್ದೇನೆ, ಅದೂ ಸರ್ಕಾರದ ಉಳಿತಾಯ ಖಾತೆಯೇ. ಅದು 15 ವರ್ಷಕ್ಕೆ ಪೂರ್ತಿ ಆಗುತ್ತದೆ. ಅವನಿಗೆ ಆಗ ಇಪ್ಪತ್ತರ ಮೇಲೆ. ವರ್ಷಕ್ಕೆ ಕನಿಷ್ಠ 500, ಬಡ್ಡಿ 2020ರ ಏಪ್ರಿಲ್‌ನಿಂದ 7.1 ರಲ್ಲೇ ನಿಂತಿದೆ. ಏಳನೇ ವರ್ಷದಿಂದ ಒಂದು ಭಾಗ ತೆಗೆಯಬಹುದು. ಖಾತೆ ನೋಡಿಕೊಳ್ಳುವ ತಂದೆಗೋ ತಾಯಿಗೋ ತಮ್ಮದೇ ಪಿಪಿಎಫ್ ಇದ್ದರೆ ಅದೂ ಮಗುವಿನದ್ದೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಅನ್ನುವುದು ಗೊತ್ತಿರಲಿ. 5ನೇ ತಾರೀಖಿನ ಲೆಕ್ಕ ಇದಕ್ಕೂ ಇದೆ. 2024ರ ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಅಂತ ಎನ್‌ಪಿಎಸ್ ವಾತ್ಸಲ್ಯ ಅನ್ನುವುದೂ ಬಂದಿದೆ, ಆದರೆ ಅದರ ದುಡ್ಡು ಮಾರ್ಕೆಟ್ಟಿನ ಜೊತೆ ಏರಿಳಿಯುತ್ತದೆ, ಉದ್ದೇಶವೂ ಪಿಂಚಣಿ. ಕಾಲೇಜಿಗೆ ಅಂತ ಕೂಡಿಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮ ಗದ್ದೆಗೆ ನಾಟಿ ಹಚ್ಚಲು ಬರುವ ಒಬ್ಬ ಅಕ್ಕನ ಮಾತು ಇಲ್ಲಿ ಹೇಳಲೇಬೇಕು. ಊಟದ ಹೊತ್ತಿಗೆ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಮಕ್ಕಳ ಓದಿನ ಮಾತು ಬಂತು. ಆಕೆಯ ಮಗಳು 2008ರ ಕೊನೆಗೆ ಹುಟ್ಟಿದವಳು. "ನಮ್ಮ ಕಡೆ ಒಂದು ಬಾಂಡ್ ಐತ್ರಿ, ಟ್ರಂಕಿನ್ಯಾಗ ಐತಿ, ಈಗ ಅದು ನಡಿಯಂಗಿಲ್ಲ ಅಂದ್ರು ಯಾರೋ" ಅಂದಳು. ಮಾರನೇ ದಿನ ತಂದು ತೋರಿಸಿದಳು, ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಾಳೆ, ಒಂದು ಮೂಲೆಯನ್ನು ಮಾತ್ರ ಇಲಿ ಕಡಿದಿದೆ. ಭಾಗ್ಯಲಕ್ಷ್ಮಿ ಬಾಂಡು! ನಮ್ಮ ರಾಜ್ಯ ಸರ್ಕಾರದ್ದು, 2006-07ರಲ್ಲಿ ಶುರುವಾದದ್ದು. ಬಿಪಿಎಲ್ ಮನೆಯ ಇಬ್ಬರು ಹೆಣ್ಣು ಮಕ್ಕಳವರೆಗೆ ಸರ್ಕಾರವೇ ಮಗುವಿನ ಹೆಸರಲ್ಲಿ ಎಲ್ಐಸಿಯಲ್ಲಿ ದುಡ್ಡು ಇಡುತ್ತಿತ್ತು. 2008ರ ಆಗಸ್ಟ್‌ನಿಂದ ಈಚೆಗೆ ಹುಟ್ಟಿದವರ ಬಾಂಡಿಗೆ 18 ತುಂಬಿದಾಗ ಒಂದು ಲಕ್ಷ ಚಿಲ್ಲರೆ ಬರುತ್ತದೆ. ಹುಡುಗಿ ಕನಿಷ್ಠ ಎಂಟನೇ ಕ್ಲಾಸ್ ಓದಿರಬೇಕು, 18ರೊಳಗೆ ಮದುವೆ ಮಾಡಿರಬಾರದು, ಕೂಲಿಗೆ ಕಳಿಸಿರಬಾರದು. ಅವರ ಮಗಳು ಹತ್ತನೇ ಕ್ಲಾಸ್ ಪಾಸಾಗಿದ್ದಾಳೆ, ಎಲ್ಲಾ ಸರಿ ಇದೆ. ಅಂಗನವಾಡಿ ಟೀಚರ್ ಹತ್ತಿರ ಕರೆದುಕೊಂಡು ಹೋದೆ, ಏನೇನು ಕಾಗದ ಬೇಕು ಅಂತ ಅವರು ಬರೆದುಕೊಟ್ಟರು. ಈ ಭಾಗದಲ್ಲಿ ಎಷ್ಟು ಟ್ರಂಕುಗಳಲ್ಲಿ ಇಂಥ ಬಾಂಡು ಇರಬಹುದು ಅಂತ ಆವತ್ತು ಸಂಕಟ ಆಯಿತು. ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು, ಹೊಲಕ್ಕೆ ಬರುವವರನ್ನು ಒಂದು ಸಲ ಕೇಳಿ ನೋಡಿ.

2020-21ರಿಂದ ಇದೇ ಭಾಗ್ಯಲಕ್ಷ್ಮಿ ಸುಕನ್ಯಾ ಖಾತೆಯಾಗಿ ಬದಲಾಗಿದೆ. ಸರ್ಕಾರವೇ ವರ್ಷಕ್ಕೆ 3,000 ಹಾಗೆ 15 ವರ್ಷ ಪೋಸ್ಟಿನಲ್ಲಿ ಕಟ್ಟುತ್ತದೆ. ಅರ್ಜಿ ಅಂಗನವಾಡಿಯಿಂದ ಹೋಗಬೇಕು, ಮಗು ಹುಟ್ಟಿದ ಹೊಸತರಲ್ಲೇ ಹೋಗಬೇಕು.

ಕಾಗದ ಪತ್ರದ ವಿಷಯ ಬಂದಾಗ ಹೇಳಿಬಿಡುತ್ತೇನೆ, ಹೆಸರು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಮುಂದೆ ಬಹಳ ತೊಂದರೆ. ನನ್ನ ಮಗಳ ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇತ್ತು, ಸರಿ ಮಾಡಿಸಲು ನಾಲ್ಕು ಸಲ ಓಡಾಡಿದೆ. 18 ತುಂಬಿದ ದಿನದಿಂದ ಖಾತೆ ಮಗಳ ಕೈಗೆ ಹೋಗುತ್ತದೆ, ಆಗ ಅವಳದೇ ಆಧಾರ್, ಪ್ಯಾನ್ ಕೊಡಬೇಕು. ಅಜ್ಜ ಅಜ್ಜಿ ಮೊಮ್ಮಗಳಿಗೆ ತೆರೆದ ಖಾತೆ ಇದ್ದರೆ ಅದನ್ನೂ ನೋಡಿಕೊಳ್ಳಿ. 2024ರ ಅಕ್ಟೋಬರ್‌ನಿಂದ ಅದನ್ನು ತಂದೆ ತಾಯಿ ಅಥವಾ ಕಾನೂನು ಪ್ರಕಾರದ ಪೋಷಕರ ಹೆಸರಿಗೆ ಬದಲಾಯಿಸಬೇಕು ಅಂತ ನಿಯಮ ಬಂದಿದೆ.

ಮಗಳಿಗೆ ಕೃಷಿ ಬಿಎಸ್ಸಿ ಓದುವ ಆಸೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಅವಳ ಮನಸ್ಸಿನಲ್ಲಿದೆ. ಅಪ್ಪನ ಜೊತೆ ಗದ್ದೆಗೆ ಹೋಗಿ ಎಲೆ ಮಗುಚಿ ಹುಳ ನೋಡುವವಳು ಅವಳು. ನಾನು ಓದುವ ಕಾಲದಲ್ಲಿ ಆ ವಿಶ್ವವಿದ್ಯಾಲಯ ಇರಲಿಲ್ಲ, 2009ರಲ್ಲಿ ಬಂತು. ಕೊಪ್ಪಳದ ಮೆಡಿಕಲ್ ಕಾಲೇಜು 2015ರಲ್ಲಿ, ರಾಯಚೂರಿನ ಐಐಐಟಿ 2019ರಲ್ಲಿ. ಹತ್ತಿರದಲ್ಲೇ ಸೀಟು ಸಿಕ್ಕರೆ ಹಾಸ್ಟೆಲ್ಲು, ಬಸ್ಸು ಅಂತ ಆಗುವ ಖರ್ಚು ಎಷ್ಟು ಕಡಿಮೆ ಅಲ್ವಾ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ ಇದೆ. ಆ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳುವುದೂ ಒಂದು ಉಳಿತಾಯ ಅಂತಲೇ ನನ್ನ ಲೆಕ್ಕ. ಕೃಷಿ ಕೋರ್ಸಿಗೆ ರೈತರ ಮಕ್ಕಳ ಕೋಟಾ ಬೇರೆ ಇದೆ, ಪಹಣಿ ಯಾರ ಹೆಸರಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ನಮ್ಮದು ಇನ್ನೂ ಮಾವನವರ ಹೆಸರಿನಲ್ಲಿತ್ತು, ಹೋದ ವರ್ಷ ಬದಲಾಯಿಸಿದೆವು.

ಇಷ್ಟೆಲ್ಲ ಆದ ಮೇಲೂ ಕಡಿಮೆ ಬಿದ್ದರೆ ಸಾಲ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿಗೆ ಒಪ್ಪಿಗೆ ಸಿಕ್ಕಿತು. ಪಟ್ಟಿಯಲ್ಲಿರುವ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕವರಿಗೆ ಜಾಮೀನಿಲ್ಲದೆ ಸಾಲ, ಮನೆಯ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಸಾಲವನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡಿದ್ದೇನೆ. 2027ರ ಮಾರ್ಚ್ ಹೊತ್ತಿಗೆ ಮಗಳ ಖಾತೆಯಲ್ಲಿ ಎರಡು ಲಕ್ಷ ದಾಟಬೇಕು, ಅರ್ಧ ಅಂದರೆ ಒಂದು ಲಕ್ಷ, ಅದರ ಜೊತೆಗೆ ಈಗ ಬೇರೆ ಕಡೆ ಸ್ವಲ್ಪ ಸ್ವಲ್ಪ ಕೂಡಿಡುತ್ತಿರುವುದು. ಈ ಸಲ ನಮ್ಮ ಮನೆಯವರೂ ಅರ್ಧದ ಲೆಕ್ಕವನ್ನೇ ಹಾಕುತ್ತಾರೆ.

ನಿನ್ನೆ ಹಿಂದಿನ ಮನೆಯ ಹುಡುಗಿಗೆ ಇದನ್ನೆಲ್ಲ ಮತ್ತೆ ಕೂರಿಸಿಕೊಂಡು ಹೇಳಿದೆ. ಅವರದು ಬಿಪಿಎಲ್ ಕಾರ್ಡು. ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ ಇರಬೇಕು, ಹಾಗಾಗಿ ಪೋಸ್ಟಿಗೆ ಓಡುವ ಮೊದಲು ಅಂಗನವಾಡಿಯಲ್ಲಿ ಭಾಗ್ಯಲಕ್ಷ್ಮಿ ಸಿಗುತ್ತದೆಯೋ ಅಂತ ಕೇಳಬೇಕು. ಸಿಕ್ಕರೆ ಸುಕನ್ಯಾ ಸರ್ಕಾರದ್ದೇ ಆಯಿತು, ಕರ್ಚೀಫಿನ ದುಡ್ಡಿನಿಂದ ಆರ್‌ಡಿ ಶುರು ಮಾಡಬಹುದು. ಸಿಗದಿದ್ದರೆ ಆ ದುಡ್ಡು ಸುಕನ್ಯಾಕ್ಕೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಇನ್ನೂ ಹೆಸರು ಬರೆಸಿಲ್ಲ, "ಹೆಣ್ಣು ಮಗು" ಅಂತ ಮಾತ್ರ ಇದೆ. ಮೊದಲು ಅದನ್ನು ಬರೆಸಿಕೊಂಡು ಬಾ, ಅಕ್ಷರ ಸರಿಯಾಗಿ ನೋಡು ಅಂತ ಹೇಳಿದ್ದೇನೆ. ಸೋಮವಾರ ಬೆಳಿಗ್ಗೆ ಇಬ್ಬರೂ ಅಂಗನವಾಡಿಗೆ ಹೋಗುತ್ತಿದ್ದೇವೆ.